ಯಾರೂ ಹಿಂಡದ ಹಾಲು: ಮಾಂಸದ ತಳಿಯ ಹಸುಗಳಲ್ಲಿ ತಾಯಿಯ ಕರಾವು ಮತ್ತು ಕರುವಿನ ತೂಕ

(ಉಪನ್ಯಾಸದ ಬರಹ ರೂಪ)

ಯಾರೂ ಹಿಂಡದ ಹಸು ದಿನಕ್ಕೆ ಎಷ್ಟು ಹಾಲು ಕೊಡುತ್ತದೆ? ಡೇರಿಗೆ ಹಾಲು ಹಾಕುವ ಊರಿನವರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಹಸು ಎಂದರೆ ಬಕೆಟ್ಟು, ಲೀಟರು, ಫ್ಯಾಟು. ಆದರೆ ಅಮೆರಿಕದ ನೆಬ್ರಾಸ್ಕ, ಒಕ್ಲಹೋಮ, ಮೊಂಟಾನಾ, ಟೆಕ್ಸಾಸ್ ರಾಜ್ಯಗಳ ಹುಲ್ಲುಗಾವಲುಗಳಲ್ಲಿ ಲಕ್ಷಾಂತರ ಹಸುಗಳ ಕೆಚ್ಚಲಿಗೆ ಜೀವಮಾನದಲ್ಲಿ ಒಮ್ಮೆಯೂ ಮನುಷ್ಯನ ಕೈ ತಾಗುವುದಿಲ್ಲ. ಅಲ್ಲಿ ಹಸು ವರ್ಷಕ್ಕೊಂದು ಕರು ಹಾಕಬೇಕು. ಆ ಕರು ಆರೇಳು ತಿಂಗಳು ತಾಯಿಯ ಜೊತೆಯಲ್ಲೇ ಮೇಯ್ದು, ಕುಡಿದು ಬೆಳೆಯುತ್ತದೆ. ಆಮೇಲೆ ಹಾಲು ಬಿಡಿಸಿ, ತೂಗಿ, ಮಾರುತ್ತಾರೆ. ಸಾಕಣೆಗಾರನ ಇಡೀ ವರ್ಷದ ದುಡಿಮೆ ಆ ಒಂದು ದಿನದ ತಕ್ಕಡಿಯ ಮೇಲೆ ನಿಂತಿದೆ.

ಹೀಗಿರುವಾಗ 'ಹೆಚ್ಚು ಹಾಲಿನ ತಾಯಿ, ಹೆಚ್ಚು ತೂಕದ ಕರು' ಎಂಬ ಮಾತು ಸಹಜವಾಗಿಯೇ ಹುಟ್ಟುತ್ತದೆ. ಮಾತು ಸುಳ್ಳಲ್ಲ, ಅರ್ಧ ಮಾತ್ರ ನಿಜ. ಹಾಲು ಕರುವನ್ನು ಯಾವ ವಯಸ್ಸಿನವರೆಗೆ ಬೆಳೆಸುತ್ತದೆ, ಯಾವಾಗ ಹುಲ್ಲು ಆ ಕೆಲಸ ವಹಿಸಿಕೊಳ್ಳುತ್ತದೆ, ಆ ಹಾಲಿನ ಖರ್ಚು ಯಾರ ಮೈಯಿಂದ ಹೋಗುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ.

ಕರಾವಿನ ಏರಿಳಿತ

ಮಾಂಸದ ತಳಿಯ ಹಸುವಿನ ಕರಾವು ಡೇರಿ ಹಸುವಿನದರಷ್ಟು ಎತ್ತರಕ್ಕೂ ಏರುವುದಿಲ್ಲ, ಅಷ್ಟು ದಿನ ನಿಲ್ಲುವುದೂ ಇಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1996ರಲ್ಲಿ ಪ್ರಕಟಿಸಿದ ಪೋಷಣಾ ಮಾನದಂಡಗಳು ಈ ಹಸುಗಳ ಹಾಲು ಈದ ಎಂಟೂವರೆ ವಾರಕ್ಕೆ ತುದಿ ಮುಟ್ಟುತ್ತದೆ ಎಂದು ಇಟ್ಟುಕೊಳ್ಳುತ್ತವೆ. ಹಾಲಿನಲ್ಲಿ ಜಿಡ್ಡು ನೂರಕ್ಕೆ 4, ಪ್ರೋಟೀನು 3.4. ಆ ಸೂತ್ರದ ಪ್ರಕಾರ ತುದಿಯಲ್ಲಿ ದಿನಕ್ಕೆ 8 ಕೆಜಿ ಕೊಡುವ ಹಸುವನ್ನು ತೆಗೆದುಕೊಳ್ಳಿ. ನಾಲ್ಕನೇ ವಾರದಲ್ಲಿ ಅದು 6.4 ಕೆಜಿ ಕೊಡುತ್ತಿರುತ್ತದೆ, ಹದಿನಾರನೇ ವಾರಕ್ಕೆ 6.2, ಇಪ್ಪತ್ತನಾಲ್ಕನೇ ವಾರಕ್ಕೆ 3.6. ಹಾಲು ಬಿಡಿಸುವ ಹೊತ್ತಿಗೆ, ಅಂದರೆ ಇಪ್ಪತ್ತೊಂಬತ್ತನೇ ವಾರಕ್ಕೆ, ಎರಡೂವರೆ ಕೆಜಿಗಿಂತ ಕಡಿಮೆ. ಎಲ್ಲ ಕೂಡಿಸಿದರೆ ಏಳು ತಿಂಗಳೊಳಗೆ ಸುಮಾರು 1,100 ಕೆಜಿ.

ಇದು ನಡುವಯಸ್ಸಿನ ಹಸುವಿನ ಲೆಕ್ಕ. ಎರಡು ವರ್ಷಕ್ಕೆ ಮೊದಲ ಸೂಲು ಕಂಡ ಕಡಸು ಅದೇ ತಳಿಯದ್ದಾದರೂ ಬಲಿತ ಹಸುವಿನ ನೂರಕ್ಕೆ 74 ಪಾಲಷ್ಟು ಮಾತ್ರ ಹಾಲು ಕೊಡುತ್ತದೆ, ಮೂರು ವರ್ಷದ್ದು 88 ಪಾಲು. ಕಡಸಿನ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ತಿಂದದ್ದರಲ್ಲಿ ಒಂದು ಭಾಗ ತನ್ನ ಎಲುಬಿಗೆ, ಮಾಂಸಕ್ಕೆ ಹೋಗಿ, ಉಳಿದದ್ದು ಕೆಚ್ಚಲಿಗೆ ಇಳಿಯುತ್ತದೆ.

ಆ ರೇಖೆಯ ಪಕ್ಕದಲ್ಲಿ ಕರುವಿನ ಬೆಳವಣಿಗೆಯನ್ನು ಇಟ್ಟು ನೋಡಿ. ಹುಟ್ಟುವಾಗ 36 ಕೆಜಿ, ದಿನಕ್ಕೆ ಸುಮಾರು ಒಂದು ಕೆಜಿ ಏರಿಕೆ. ತಾಯಿಯ ಹಾಲು ಎರಡನೇ ತಿಂಗಳಿಂದಾಚೆ ಇಳಿಯುತ್ತಾ ಹೋದರೆ ಕರುವಿನ ಹಸಿವು ಏರುತ್ತಾ ಹೋಗುತ್ತದೆ. ಈ ಎರಡು ಗೆರೆಗಳ ನಡುವೆ ದಿನದಿಂದ ದಿನಕ್ಕೆ ಅಗಲವಾಗುವ ಬಿರುಕನ್ನು ತುಂಬಬೇಕಾದದ್ದು ಹುಲ್ಲು.

ಕರುವಿನ ಹೊಟ್ಟೆಯೊಳಗೆ

ಮೊದಲ ದಿನದ ವಿಷಯ ಬೇಗ ಹೇಳಿ ಮುಗಿಸುತ್ತೇವೆ, ಅದು ಎಲ್ಲರಿಗೂ ಗೊತ್ತಿರುವುದೇ. ಗಿಣ್ಣು ಹಾಲು ಮೊದಲ ಆರು ಗಂಟೆಯೊಳಗೆ ಹೊಟ್ಟೆ ಸೇರಬೇಕು. ರೋಗ ತಡೆಯುವ ಅಂಶಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಇಪ್ಪತ್ತನಾಲ್ಕು ಗಂಟೆಗೆ ಮುಚ್ಚಿಹೋಗುತ್ತದೆ. ಇಲ್ಲಿ ಎಡವಿದ ಕರು ಮುಂದೆ ಭೇದಿ, ನ್ಯುಮೋನಿಯಾ ಎಂದು ಹಿಂದೆ ಬೀಳುತ್ತದೆ. ಆಗ ತಾಯಿಯ ಹಾಲು ಎಷ್ಟಿದ್ದರೂ ತಕ್ಕಡಿಯಲ್ಲಿ ಕಾಣುವುದಿಲ್ಲ.

ಎಳೆ ಕರು ಮೊಲೆ ಚೀಪಿದಾಗ ಅನ್ನನಾಳದ ತುದಿಯ ಮಡಿಕೆ ಕೊಳವೆಯಂತೆ ಸುತ್ತಿಕೊಂಡು ಹಾಲನ್ನು ನೇರವಾಗಿ ನಾಲ್ಕನೇ ಹೊಟ್ಟೆಗೆ ದಾಟಿಸುತ್ತದೆ. ಮೆಲುಕು ಚೀಲ ಆಗಿನ್ನೂ ಸಣ್ಣದು, ಕೆಲಸವಿಲ್ಲದ್ದು. ಎರಡು ಮೂರು ವಾರಕ್ಕೆ ಕರು ಹುಲ್ಲಿನ ಎಸಳು ಕಚ್ಚಿ ಆಡಲು ತೊಡಗುತ್ತದೆ. ಆಟದಂತೆ ಕಂಡರೂ ಮೆಲುಕು ಚೀಲಕ್ಕೆ ಸೂಕ್ಷ್ಮಜೀವಿಗಳು ಬಂದು ನೆಲೆಸುವುದು ಹೀಗೆಯೇ. ಸುಮಾರು ಮೂರು ತಿಂಗಳಿಗೆ ಕರು ಹುಲ್ಲಿನಿಂದಲೂ ತಕ್ಕಮಟ್ಟಿಗೆ ಬದುಕಬಲ್ಲದು.

ಮೊದಲ ಎರಡು ತಿಂಗಳಲ್ಲಿ ಕರುವಿಗೆ ಬೇರೆ ದಾರಿಯೇ ಇಲ್ಲ. ಹಾಲು ಹೆಚ್ಚಿದ್ದರೆ ತೂಕ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಎಳೆ ಕರು ಒಂದು ಕೆಜಿ ಮೈಗೂಡಲು ಸರಿಸುಮಾರು 8ರಿಂದ 10 ಕೆಜಿ ಹಾಲು ಸಾಕು, ಇದು ಬಹಳ ಒಳ್ಳೆಯ ಬದಲಾವಣೆ ದರ. ನಾಲ್ಕನೇ ತಿಂಗಳಿಗೆ ಬನ್ನಿ. ಕರುವಿನ ತೂಕ 145 ಕೆಜಿಯ ಹತ್ತಿರ. ದಿನಕ್ಕೆ ಮೂರೂವರೆ, ನಾಲ್ಕು ಕೆಜಿ ಒಣ ಪದಾರ್ಥ, ಅಂದರೆ ನೀರು ಕಳೆದು ಉಳಿಯುವ ಆಹಾರ, ಬೇಡುವ ಹೊಟ್ಟೆ ಅದು. ತಾಯಿ ಕೊಡುವ 6.2 ಕೆಜಿ ಹಾಲಿನಲ್ಲಿ ಒಣ ಪದಾರ್ಥ ಇರುವುದು 800 ಗ್ರಾಮಿನಷ್ಟು. ಒಣ ಪದಾರ್ಥದ ಕೆಜಿಗೆ ಕೆಜಿ ನೋಡಿದರೆ ಹುಲ್ಲಿಗಿಂತ ಹಾಲಿನಲ್ಲಿ ಶಕ್ತಿ ಬಹಳ ಹೆಚ್ಚು ಎಂಬುದು ನಿಜ. ಆದರೂ ಊಟದ ಬಹುಪಾಲು ಈಗ ಹುಲ್ಲೇ. ಆರನೇ ತಿಂಗಳಿಗೆ ಹಾಲು ಊಟದ ಜೊತೆಯ ಉಪ್ಪಿನಕಾಯಿಯ ಮಟ್ಟಕ್ಕೆ ಇಳಿದಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕಡಿಮೆ ಹಾಲಿನ ತಾಯಿಯ ಕರು ಸುಮ್ಮನೆ ಹಸಿದು ನಿಲ್ಲುವುದಿಲ್ಲ, ಬೇಗ ಹುಲ್ಲಿಗೆ ಬಾಯಿ ಹಾಕುತ್ತದೆ. ಹೆಚ್ಚು ಹಾಲಿನ ತಾಯಿಯ ಕರು ಹೊಟ್ಟೆ ತುಂಬಿದ್ದರಿಂದ ಹುಲ್ಲು ಕಡಿಮೆ ತಿನ್ನುತ್ತದೆ. ಹೆಚ್ಚುವರಿಯಾಗಿ ಕೊಟ್ಟ ಹಾಲಿನಲ್ಲಿ ಒಂದು ಪಾಲು ಹುಲ್ಲಿನ ಜಾಗ ಕಿತ್ತುಕೊಳ್ಳುವುದರಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಇಬ್ಬರು ತಾಯಂದಿರ ಹಾಲಿನ ವ್ಯತ್ಯಾಸವನ್ನು ಹತ್ತರಿಂದ ಭಾಗಿಸಿ 'ಇಷ್ಟು ತೂಕ ಹೆಚ್ಚು ಬರುತ್ತದೆ' ಎನ್ನುವಂತಿಲ್ಲ. ಏಳು ತಿಂಗಳ ಒಟ್ಟು ಲೆಕ್ಕದಲ್ಲಿ ಒಂದು ಕೆಜಿ ಹೆಚ್ಚುವರಿ ತೂಕಕ್ಕೆ 20 ಕೆಜಿಗೂ ಮೀರಿದ ಹಾಲು ಹಿಡಿದದ್ದು ಪ್ರಯೋಗಗಳಲ್ಲಿ ದಾಖಲಾಗಿದೆ. ಹುಲ್ಲು ಚೆನ್ನಾಗಿದ್ದಷ್ಟೂ ಹಾಲಿನ ಮಹತ್ವ ಕುಗ್ಗುತ್ತದೆ. ಹುಲ್ಲು ಒಣಗಿ ಸೊರಗಿದ ವರ್ಷದಲ್ಲಿ ಅದೇ ಹಾಲಿಗೆ ಬೆಲೆ ಏರುತ್ತದೆ. ಆದರೆ ಅಂಥ ವರ್ಷದಲ್ಲಿ ತಾಯಿಯ ಕೆಚ್ಚಲೂ ಬತ್ತುತ್ತದೆ ಎಂಬುದು ಬೇರೆ ಮಾತು.

ಅಳೆಯುವುದು ಹೇಗೆ

ಹಿಂಡದ ಹಾಲನ್ನು ಅಳೆಯಲು ಸಂಶೋಧಕರು ಬಳಸುವ ಹಳೆಯ ಉಪಾಯ ತೂಗಿ, ಕುಡಿಸಿ, ಮತ್ತೆ ತೂಗುವುದು. ಕೇಳಲು ಸುಲಭ, ಮಾಡುವಾಗ ಕಷ್ಟ.

ಸಂಜೆ ಕರುಗಳನ್ನು ತಾಯಂದಿರಿಂದ ಬೇರೆ ಮಾಡಿ ಎರಡು ಮೂರು ಗಂಟೆ ನಿಲ್ಲಿಸಿ. ಆಮೇಲೆ ಒಟ್ಟಿಗೆ ಬಿಟ್ಟು ಕೆಚ್ಚಲು ಪೂರ್ತಿ ಖಾಲಿಯಾಗುವವರೆಗೆ ಕುಡಿಯಲು ಬಿಡಿ. ಕರು ಮೊಲೆ ಬಿಟ್ಟು ಅತ್ತಿತ್ತ ನೋಡಲು ತೊಡಗಿದ ಗಳಿಗೆಯನ್ನು ಬರೆದುಕೊಳ್ಳಿ, ಲೆಕ್ಕ ಶುರುವಾಗುವುದು ಅಲ್ಲಿಂದ. ಮತ್ತೆ ಬೇರೆ ಮಾಡಿ ಎಂಟು ಗಂಟೆ ಬಿಡಿ. ಬೆಳಿಗ್ಗೆ ಕರುವನ್ನು ತೂಗಿ, ತಾಯಿಯ ಬಳಿ ಬಿಟ್ಟು, ಹದಿನೈದು ಇಪ್ಪತ್ತು ನಿಮಿಷ ಕುಡಿಸಿ, ತಕ್ಷಣ ಮತ್ತೆ ತೂಗಿ. ಮೊದಲು 68.2 ಕೆಜಿ, ಆಮೇಲೆ 70.6 ಕೆಜಿ ಬಂದರೆ ಕುಡಿದದ್ದು 2.4 ಕೆಜಿ. ಅದು ಎಂಟು ಗಂಟೆಯ ಹಾಲು. ಮೂರರಿಂದ ಗುಣಿಸಿದರೆ ದಿನಕ್ಕೆ 7.2 ಕೆಜಿ.

ಆ ಮೂರರ ಗುಣಾಕಾರದಲ್ಲೇ ಅಪಾಯವಿದೆ. ಎರಡು ತೂಕಗಳ ನಡುವೆ ಕರು 300 ಗ್ರಾಂ ಗಂಜಲ ಹೊಯ್ದರೆ ದಿನದ ಲೆಕ್ಕದಲ್ಲಿ 900 ಗ್ರಾಂ ಹಾಲು ಮಾಯ. ಅದಕ್ಕೇ ಒಂದು ದಿನದ ಅಳತೆಯನ್ನು ನಂಬಬಾರದು. ಕರಾವಿನ ಉದ್ದಕ್ಕೂ ನಾಲ್ಕೈದು ಸಲವಾದರೂ ಅಳೆದರೆ ಮಾತ್ರ ರೇಖೆ ಎಳೆಯಬಹುದು. ತಕ್ಕಡಿ ನೂರು ಗ್ರಾಮಿನ ವ್ಯತ್ಯಾಸ ತೋರಿಸುವಂಥದ್ದಾಗಿರಬೇಕು. ದನ ತೂಗುವ ದೊಡ್ಡ ಕಾಟಾ ಈ ಕೆಲಸಕ್ಕೆ ಆಗದು. ಬೇರ್ಪಡಿಸುವ ಹೊತ್ತನ್ನು ಹನ್ನೆರಡು ಗಂಟೆಗಿಂತ ಉದ್ದ ಎಳೆದರೆ ಕೆಚ್ಚಲು ಬಿಗಿದು ಒಳಗಿನ ಒತ್ತಡಕ್ಕೆ ಹಾಲು ಊರುವುದೇ ನಿಧಾನವಾಗುತ್ತದೆ, ಆಗ ಅಂಕಿ ಕಡಿಮೆ ಬರುತ್ತದೆ. ಮೊದಲ ಮೂರು ವಾರದಲ್ಲಿ ಅಳೆದರೆ ಇನ್ನೊಂದು ತಪ್ಪು: ಎಳೆ ಕರು ಹಾಲನ್ನೆಲ್ಲ ಮುಗಿಸಲಾರದು. ನೀವು ಅಳೆದದ್ದು ತಾಯಿಯ ಕೆಚ್ಚಲನ್ನಲ್ಲ, ಕರುವಿನ ಹೊಟ್ಟೆಯನ್ನು.

ಇನ್ನೊಂದು ದಾರಿ, ಹಾಲು ಇಳಿಸುವ ಹಾರ್ಮೋನಾದ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟು ಯಂತ್ರದಿಂದ ಹಿಂಡುವುದು. ಗಾವಲಿನಲ್ಲಿ ಬೆಳೆದ ಹಸು ಕರುವಿಲ್ಲದೆ ಮನುಷ್ಯರೆದುರು ತೊರೆ ಬಿಡುವುದಿಲ್ಲ, ಅದಕ್ಕೆ ಈ ಚುಚ್ಚುಮದ್ದು. ಸಂಶೋಧನೆಯ ಕೆಲಸಕ್ಕೆ ಒಮ್ಮೊಮ್ಮೆ ಬಳಸುವುದು ಸರಿ. ದಿನನಿತ್ಯ ಹಿಂಡಲು ಬಳಸುವ ಕೆಟ್ಟ ರೂಢಿಗೂ ಇದಕ್ಕೂ ಸಂಬಂಧವಿಲ್ಲ. ಯಂತ್ರ ಹೇಳುವುದು ಹಸುವಿನಲ್ಲಿ ಎಷ್ಟು ಹಾಲಿತ್ತು ಎಂದು. ತಕ್ಕಡಿ ಹೇಳುವುದು ಕರು ಎಷ್ಟು ಕುಡಿಯಿತು ಎಂದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ತಳಿಗಳನ್ನು ಹೋಲಿಸುವುದು ತಪ್ಪು.

ಎಳೆಯುವವನು ಯಾರು?

ಹಾಲು ಹೆಚ್ಚಿದ್ದರಿಂದ ಕರು ದಪ್ಪವಾಯಿತೋ, ಕರು ದೊಡ್ಡದಾಗಿದ್ದರಿಂದ ಹಾಲು ಹೆಚ್ಚಾಯಿತೋ? ಹಾಲು ಮತ್ತು ತೂಕದ ಅಂಕಿಗಳು ಜೊತೆಯಾಗಿ ಏರುವುದನ್ನು ಕಂಡ ಕೂಡಲೇ ಮೊದಲನೆಯದೇ ಕಾರಣ ಎಂದುಕೊಳ್ಳುತ್ತೇವೆ. ಆದರೆ ಕೆಚ್ಚಲು ಬೇಡಿಕೆಯಂತೆ ನಡೆಯುವ ಅಂಗ. ಮೊಲೆಯಲ್ಲಿ ಹಾಲು ಉಳಿದರೆ ಅದೇ ಹಾಲು ಮುಂದಿನ ಊಟೆಯನ್ನು ತಡೆಯುತ್ತದೆ. ಖಾಲಿಯಾದರೆ ಮತ್ತಷ್ಟು ಊರುತ್ತದೆ. ಹುಟ್ಟುವಾಗಲೇ ದೊಡ್ಡದಾದ, ಚುರುಕಾದ ಗಂಡು ಕರು ಕೆಚ್ಚಲನ್ನು ಮತ್ತೆ ಮತ್ತೆ ಖಾಲಿ ಮಾಡಿ ತಾಯಿಯಿಂದ ಹೆಚ್ಚು ಹಾಲು ಎಳೆದುಕೊಳ್ಳುತ್ತದೆ. ಅವಳಿ ಕರು ಸಾಕುವ ಹಸು ಒಂಟಿ ಕರುವಿನ ಹಸುಗಿಂತ ಹೆಚ್ಚು ಹಾಲು ಕೊಡುತ್ತದೆ. ತಾಯಿ ಎಷ್ಟೇ ಹಾಲಿನದ್ದಾಗಿರಲಿ, ಬಡಕಲು ಕರು ಮೊದಲ ತಿಂಗಳು ಹಾಲು ಉಳಿಸಿದರೆ ತುದಿಯೇ ತಗ್ಗುತ್ತದೆ, ಆಮೇಲೆ ಕರು ಚೇತರಿಸಿಕೊಂಡರೂ ಆ ತುದಿ ಮರಳಿ ಸಿಗುವುದು ಕಷ್ಟ.

ಉಳಿದ ಹಾಲಿಗೆ ಇನ್ನೊಂದು ಕೆಟ್ಟ ಗುಣವಿದೆ. ದೊಡ್ಡ ಸೀಸೆಯಂಥ ಮೊಲೆತೊಟ್ಟಿನ ಹಸುಗಳಲ್ಲಿ ಎಳೆ ಕರುವಿನ ಬಾಯಿಗೆ ತೊಟ್ಟು ಹಿಡಿಯುವುದಿಲ್ಲ. ಕರು ಸಣ್ಣ ತೊಟ್ಟುಗಳನ್ನೇ ಚೀಪಿ ಬಿಡುತ್ತದೆ, ದಪ್ಪ ತೊಟ್ಟಿನ ಭಾಗ ಬಿಗಿದು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಕೆಚ್ಚಲಿನ ನಾಲ್ಕು ಭಾಗಗಳಲ್ಲಿ ಒಂದು ಸತ್ತ ಹಸುವಿನ ಕರು ಹಾಲು ಬಿಡಿಸುವ ಹೊತ್ತಿಗೆ ಹಗುರಾಗಿಯೇ ಇರುತ್ತದೆ. ಅತಿ ಹಾಲಿನ ಗುಣಕ್ಕೆ ಆರಿಸುತ್ತಾ ಹೋಗಿ ಕೆಚ್ಚಲಿನ ಕಟ್ಟು ನೋಡದಿದ್ದರೆ ಈ ಸಮಸ್ಯೆ ಹಿಂಡಿಗೆ ಹಿಂಡನ್ನೇ ಹಿಡಿಯುತ್ತದೆ. ಈದ ಇಪ್ಪತ್ತನಾಲ್ಕು ಗಂಟೆಯೊಳಗೆ ಕೆಚ್ಚಲಿನ ಜೋತು ಮತ್ತು ತೊಟ್ಟಿನ ಗಾತ್ರಕ್ಕೆ ಒಂದರಿಂದ ಒಂಬತ್ತರ ಅಂಕ ಬರೆದಿಡುವ ಪದ್ಧತಿ ಅದಕ್ಕಾಗಿಯೇ ಬಂದದ್ದು.

205ನೇ ದಿನ

ಒಂದೇ ದಿನ ಹಾಲು ಬಿಡಿಸಿದರೂ ಎಲ್ಲ ಕರುಗಳಿಗೂ ಅಂದು ಒಂದೇ ವಯಸ್ಸಿರುವುದಿಲ್ಲ. ಹಾಗಾಗಿ 1968ರಲ್ಲಿ ಹುಟ್ಟಿದ ಬೀಫ್ ಇಂಪ್ರೂವ್‌ಮೆಂಟ್ ಫೆಡರೇಷನ್ ಎಂಬ ಒಕ್ಕೂಟದ ಮಾರ್ಗಸೂಚಿ ಎಲ್ಲ ತೂಕಗಳನ್ನೂ 205 ದಿನಕ್ಕೆ ತಿದ್ದಿ ಬರೆಯಿರಿ ಎನ್ನುತ್ತದೆ. ತೂಗಿದ ತೂಕದಿಂದ ಹುಟ್ಟಿದ ತೂಕ ಕಳೆದು, ವಯಸ್ಸಿನ ದಿನಗಳಿಂದ ಭಾಗಿಸಿ, 205ರಿಂದ ಗುಣಿಸಿ, ಹುಟ್ಟಿದ ತೂಕವನ್ನು ಮತ್ತೆ ಕೂಡಿಸಿ. ಆಮೇಲೆ ತಾಯಿಯ ವಯಸ್ಸಿಗೆ ತಕ್ಕ ಅಂಕಿ ಸೇರಿಸಿ. ಗಂಡು ಕರುವಿಗೆ ತಾಯಿ ಎರಡು ವರ್ಷದ್ದಾದರೆ 60 ಪೌಂಡು, ಮೂರಕ್ಕೆ 40, ನಾಲ್ಕಕ್ಕೆ 20, ಐದರಿಂದ ಹತ್ತರವರೆಗೆ ಸೊನ್ನೆ, ಹನ್ನೊಂದು ದಾಟಿದರೆ ಮತ್ತೆ 20. ಹೆಣ್ಣು ಕರುವಿಗೆ ಇವು 54, 36, 18, ಸೊನ್ನೆ, 18.

ಹುಟ್ಟುವಾಗ 36 ಕೆಜಿ ಇದ್ದ ಗಂಡು ಕರು 190ನೇ ದಿನ 235 ಕೆಜಿ ತೂಗಿತು, ತಾಯಿಗೆ ಮೂರು ವರ್ಷ ಎನ್ನೋಣ. ಏರಿದ್ದು 199 ಕೆಜಿ, ದಿನಕ್ಕೆ 1.047. ಅದು 205 ದಿನಕ್ಕೆ 214.7, ಹುಟ್ಟಿನ 36 ಕೂಡಿಸಿದರೆ 250.7, ತಾಯಿಯ ವಯಸ್ಸಿನ 40 ಪೌಂಡು, ಅಂದರೆ 18 ಕೆಜಿ ಸೇರಿ 269 ಕೆಜಿಯ ಹತ್ತಿರ. ಆ ಹದಿನೆಂಟು ಕೆಜಿಯಲ್ಲಿ ಬಹುಪಾಲು ಎಳೆ ತಾಯಿಯ ಕೆಚ್ಚಲಲ್ಲಿ ಇಲ್ಲದ ಹಾಲು. ಈ ತಿದ್ದುಪಡಿ ಮಾಡದೆ ಕರುಗಳನ್ನು ಸಾಲಾಗಿ ನಿಲ್ಲಿಸಿ ಆರಿಸಿದರೆ ಪ್ರತಿವರ್ಷ ಹಳೆಯ ಹಸುಗಳ ಸಂತಾನವೇ ಗೆಲ್ಲುತ್ತದೆ.

ಹೋರಿಗೆ ಹಾಲಿನ ಅಂಕ ಇದೆ ಎಂದರೆ ನಗು ಬರಬಹುದು. ಆದರೆ ಆಂಗಸ್, ಹೆರೆಫರ್ಡ್, ಸಿಮೆಂಟಲ್ ಎಂಬ ಮಾಂಸದ ತಳಿಗಳ ಹೋರಿಗಳ ಪಟ್ಟಿಯಲ್ಲಿ 'ಮಿಲ್ಕ್ ಇಪಿಡಿ' (ಎಕ್ಸ್‌ಪೆಕ್ಟೆಡ್ ಪ್ರೊಜೆನಿ ಡಿಫರೆನ್ಸ್, ಅಂದರೆ ಸಂತಾನದಲ್ಲಿ ನಿರೀಕ್ಷಿಸುವ ವ್ಯತ್ಯಾಸ) ಎಂಬ ಅಂಕಣವಿದೆ. ಇದು ಹಾಲಿನ ಪೌಂಡುಗಳಲ್ಲ, ಕರುವಿನ ತೂಕದ ಪೌಂಡುಗಳು. 30 ಅಂಕದ ಹೋರಿ, 20 ಅಂಕದ ಹೋರಿ ಎರಡಿದ್ದರೆ, ಮೊದಲನೆಯದರ ಹೆಣ್ಣು ಮಕ್ಕಳು ಸಾಕುವ ಕರುಗಳು, ಎರಡನೆಯದರ ಹೆಣ್ಣು ಮಕ್ಕಳು ಸಾಕುವ ಕರುಗಳಿಗಿಂತ ಹಾಲು ಬಿಡಿಸುವಾಗ ಸರಾಸರಿ 10 ಪೌಂಡು, ಅಂದರೆ ನಾಲ್ಕೂವರೆ ಕೆಜಿ ಹೆಚ್ಚು ತೂಗಬೇಕು. ಅದೂ ತಾಯಿಯ ಹಾಲು ಮತ್ತು ಪೋಷಣೆಯಿಂದ ಬಂದ ಪಾಲು ಮಾತ್ರ. ಕರುವಿನ ಸ್ವಂತ ಬೆಳೆಯುವ ಗುಣದ ಲೆಕ್ಕ ಬೇರೆ ಅಂಕಣದಲ್ಲಿದೆ. ಈ ಅಂಕಿಯನ್ನು ಓದುವಾಗ ಒಂದು ಮರೆಯಬಾರದು: ಮೇವು ಸಾಕಷ್ಟು ಇದ್ದರೆ ಮಾತ್ರ ಈ ವ್ಯತ್ಯಾಸ ತಕ್ಕಡಿಗೆ ಬರುತ್ತದೆ. ಹುಲ್ಲು ಸಾಲದ ಗಾವಲಿನಲ್ಲಿ 30ರ ಮಗಳೂ 20ರ ಮಗಳೂ ಒಂದೇ ಹಾಲು ಕೊಡುತ್ತವೆ, 30ರ ಮಗಳು ಮೈ ಸೊರಗಿರುತ್ತದೆ, ಅಷ್ಟೇ.

ಹಾಲಿಗೆ ತೆರುವ ಬೆಲೆ

550 ಕೆಜಿ ತೂಕದ ಹಸು ಸುಮ್ಮನೆ ಬದುಕಿರಲು ದಿನಕ್ಕೆ ಸುಮಾರು 8.75 ಮೆಗಾಕ್ಯಾಲೊರಿ ಶಕ್ತಿ ಬೇಕು. ಕರಾವಿನಲ್ಲಿದ್ದರೆ ಅದೇ ದೇಹಪಾಲನೆಗೆ ಐದನೇ ಒಂದು ಪಾಲು ಹೆಚ್ಚು, 10.5. ಹಾಲಿಗೆ ಕೆಜಿಗೆ 0.72. ಎಂಟು ಕೆಜಿ ಹಾಲಿನ ಹಸುವಿನ ದಿನದ ಅಗತ್ಯ 16.3 ಆದರೆ, ಹನ್ನೆರಡು ಕೆಜಿಯದ್ದಕ್ಕೆ 19.1. ವ್ಯತ್ಯಾಸ ತುಂಬಲು ಒಳ್ಳೆಯ ಹುಲ್ಲಿನ ಒಣ ಪದಾರ್ಥ ದಿನಕ್ಕೆ ಎರಡು ಕೆಜಿಗೂ ಮೇಲೆ, ಹಸಿ ಹುಲ್ಲಿನ ಲೆಕ್ಕದಲ್ಲಿ ಏಳು ಕೆಜಿ ಬೇಕು. ಇಡೀ ಕರಾವಿಗೆ ಹೆಚ್ಚುವರಿ ಹಾಲು 550 ಕೆಜಿ, ಹೆಚ್ಚುವರಿ ಒಣ ಮೇವು 300 ಕೆಜಿ. ಒಂದು ಕೆಜಿ ತೂಕಕ್ಕೆ 25 ಕೆಜಿ ಹಾಲು ಎಂದು ಹಿಡಿದರೆ ಕೈಗೆ ಬರುವುದು 22 ಕೆಜಿ ಕರು.

ಲೆಕ್ಕ ಇಲ್ಲಿಗೇ ನಿಂತಿದ್ದರೆ ಮೇವಿನ ಬೆಲೆ, ಕರುವಿನ ಬೆಲೆ ನೋಡಿ ತೀರ್ಮಾನಿಸಬಹುದಿತ್ತು. ನಿಲ್ಲುವುದಿಲ್ಲ. ನೆಬ್ರಾಸ್ಕದ ಕ್ಲೇ ಸೆಂಟರಿನಲ್ಲಿರುವ ಅಮೆರಿಕ ಸರ್ಕಾರದ ಮಾಂಸ ಪ್ರಾಣಿ ಸಂಶೋಧನಾ ಕೇಂದ್ರದಲ್ಲಿ ಫೆರೆಲ್ ಮತ್ತು ಜೆಂಕಿನ್ಸ್ ಎಂಬ ವಿಜ್ಞಾನಿಗಳು 1980ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಹೆಚ್ಚು ಹಾಲಿನ ತಳಿಗಳಿಗೆ ಕರಾವು ಬತ್ತಿದ ಮೇಲೂ ದೇಹಪಾಲನೆಯ ಖರ್ಚು ಹೆಚ್ಚು. ಹೆಚ್ಚು ಹಾಲು ಕೊಡಲು ಹೆಚ್ಚು ತಿನ್ನಬೇಕು. ಹೆಚ್ಚು ತಿನ್ನಲು ದೊಡ್ಡ ಕರುಳು, ದೊಡ್ಡ ಯಕೃತ್ತು ಬೇಕು. ಈ ಅಂಗಗಳು ತೂಕದಲ್ಲಿ ಸಣ್ಣವಾದರೂ ಶಕ್ತಿ ಉರಿಸುವುದರಲ್ಲಿ ದೊಡ್ಡವು. ಕರು ಬಿಡಿಸಿದ ಮರುದಿನ ಅವೇನೂ ಕುಗ್ಗುವುದಿಲ್ಲ. ದೊಡ್ಡ ಎಂಜಿನ್ನಿನ ಲಾರಿ ಖಾಲಿ ಓಡಿದರೂ ಡೀಸೆಲ್ ಕುಡಿಯುವಂತೆ. ಪೋಷಣಾ ಮಾನದಂಡಗಳಲ್ಲಿ ಸಿಮೆಂಟಲ್ ಮತ್ತು ಡೇರಿ ತಳಿಗಳ ದೇಹಪಾಲನೆಗೆ ನೂರಕ್ಕೆ 20 ಹೆಚ್ಚು ಸೇರಿಸುವುದಕ್ಕೂ, ಭುಜದ ದುಬ್ಬವಿರುವ ನಮ್ಮ ಕಡೆಯ ತಳಿಗಳಿಗೆ 10 ಕಡಿಮೆ ಮಾಡುವುದಕ್ಕೂ ಇದೇ ಹಿನ್ನೆಲೆ.

ಅದೇ ಇಬ್ಬರು 1994ರಲ್ಲಿ ಒಂಬತ್ತು ತಳಿಗಳನ್ನು ಬೇರೆ ಬೇರೆ ಮೇವಿನ ಮಟ್ಟದಲ್ಲಿ ಸಾಕಿ ಕಂಡ ಫಲಿತಾಂಶ ಈ ಇಡೀ ಚರ್ಚೆಯಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಮೇವು ಕಡಿಮೆ ಇದ್ದಾಗ, ತಿಂದ ಪ್ರತಿ ಕೆಜಿಗೆ ಹೆಚ್ಚು ಕರು ತೂಕ ಕೊಟ್ಟದ್ದು ರೆಡ್ ಪೋಲ್‌ನಂಥ ಮಧ್ಯಮ ಗಾತ್ರದ ತಳಿ. ಮೇವು ಧಾರಾಳವಾದಾಗ ಯುರೋಪಿನ ದೊಡ್ಡ ತಳಿಗಳು ಮುಂದೆ ಬಂದವು. 'ಯಾವ ತಳಿ ಒಳ್ಳೆಯದು' ಎಂದು ಮೇವಿನ ಮಟ್ಟ ಹೇಳದೆ ಕೇಳಿದರೆ ಉತ್ತರವೇ ಇಲ್ಲ. ಅಮೆರಿಕನ್ ಆಂಗಸ್ ಅಸೋಸಿಯೇಷನ್ ಹಾಲು ಮತ್ತು ಹಸುವಿನ ಗಾತ್ರದಿಂದ ಮೇವಿನ ಖರ್ಚಿನಲ್ಲಾಗುವ ಉಳಿತಾಯವನ್ನು ಡಾಲರುಗಳಲ್ಲಿ ಹೇಳುವ ಒಂದು ಸೂಚ್ಯಂಕವನ್ನೇ ಇಟ್ಟಿದೆ. ಹಾಲು ಏರಿದಷ್ಟೂ ಆ ಅಂಕಿ ಇಳಿಯುತ್ತದೆ.

ಕೊನೆಗೆ ಗಬ್ಬದ ಪ್ರಶ್ನೆ. ಹಸುವಿನ ಗಬ್ಬ 283 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ ಮೇಲೆ ಮತ್ತೆ ಗಬ್ಬ ಕಟ್ಟಲು ಉಳಿಯುವುದು 82 ದಿನ. ಹಾಲಿನ ತುದಿಯೂ ಬೀಳುವುದು ಅದೇ ಹೊತ್ತಿಗೆ. ತಿಂದದ್ದು ಸಾಲದಿದ್ದರೆ ಹಸು ಮೈಯ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ, ಬೆದೆಗೆ ಬರುವುದನ್ನು ಮುಂದೂಡುತ್ತದೆ. ಮೈಕಟ್ಟನ್ನು ಒಂದರಿಂದ ಒಂಬತ್ತರವರೆಗೆ ಅಂಕ ಹಾಕಿ ನೋಡುವುದು ವಾಡಿಕೆ. ಈಯುವಾಗ ಬಲಿತ ಹಸು 5, ಚೊಚ್ಚಲು ಕಡಸು 6 ಇರಬೇಕು. ಕೊನೆಯ ಎರಡು ಪಕ್ಕೆಲುಬು ಎದ್ದು ಕಾಣುತ್ತಿದ್ದರೆ 4 ಎಂದು ತಿಳಿಯಿರಿ. ಒಂದು ಅಂಕ ಏರಿಸಲು ಸುಮಾರು 40 ಕೆಜಿ ತೂಕ ಕೂಡಬೇಕು. ಈದ ಮೇಲೆ, ಹಾಲು ಹರಿಯುತ್ತಿರುವಾಗ, ಇದು ಹೆಚ್ಚುಕಡಿಮೆ ಆಗದ ಕೆಲಸ. ಈಯುವ ಮೂರು ತಿಂಗಳ ಮೊದಲೇ ಆಗಬೇಕು.

ಒಂದು ಬೆದೆ ತಪ್ಪಿದರೆ ಮುಂದಿನ ಕರು 21 ದಿನ ತಡವಾಗಿ ಹುಟ್ಟುತ್ತದೆ. ಹಾಲು ಬಿಡಿಸುವ ದಿನ ಎಲ್ಲ ಕರುಗಳಿಗೂ ಒಂದೇ ಆದ್ದರಿಂದ ಅದು ಇಪ್ಪತ್ತು ಕೆಜಿ ಹಗುರ. ಮೇಲೆ ಲೆಕ್ಕ ಹಾಕಿದ ಆ 22 ಕೆಜಿ ಲಾಭ ಇಲ್ಲಿ ಹೋಯಿತು. ಗಬ್ಬವೇ ನಿಲ್ಲದಿದ್ದರೆ ಇಡೀ ಕರುವೇ ಇಲ್ಲ.

ಎಡವುವ ಜಾಗಗಳು

ಕರುಗಳಿಗೆ ಮಾತ್ರ ನುಸುಳಲು ಆಗುವ ಕಿಂಡಿಯಿಟ್ಟು ಒಳಗೆ ದಾಣಿ ಇಡುವ ಪದ್ಧತಿ ಅಮೆರಿಕದಲ್ಲಿ ಹಳೆಯದು. ಹುಲ್ಲು ಒಣಗಿ ತಾಯಿಯ ಹಾಲು ಬತ್ತಿದ ಹೊತ್ತಿನಲ್ಲಿ ಇದು ಫಲ ಕೊಡುತ್ತದೆ. ಪ್ರೋಟೀನು ಹೆಚ್ಚಿರುವ ಹಿಂಡಿ ದಿನಕ್ಕೆ ಅರ್ಧ ಕೆಜಿ ಕೊಟ್ಟರೂ ಒಣ ಹುಲ್ಲಿನ ಜೀರ್ಣ ಚುರುಕಾಗುತ್ತದೆ. ಹುಲ್ಲು ಹಸಿರಾಗಿದ್ದು ಹಾಲೂ ಇರುವಾಗ ಕಾಳಿನ ದಾಣಿ ಇಟ್ಟರೆ ಕರು ಹುಲ್ಲು ಬಿಟ್ಟು ದಾಣಿ ತಿನ್ನುತ್ತದೆ, ಕೊಟ್ಟ ಹಣ ಹಿಂದಿರುಗುವುದಿಲ್ಲ. ಇನ್ನೂ ದೊಡ್ಡ ತಪ್ಪೆಂದರೆ ಮುಂದೆ ತಾಯಿಯಾಗಬೇಕಾದ ಹೆಣ್ಣು ಕರುಗಳಿಗೂ ಹೊಟ್ಟೆತುಂಬ ದಾಣಿ ಹಾಕುವುದು. ಬೆಳೆಯುವ ಕೆಚ್ಚಲಲ್ಲಿ ಹಾಲಿನ ಗ್ರಂಥಿಯ ಜಾಗಕ್ಕೆ ಕೊಬ್ಬು ಕೂರುತ್ತದೆ. ಕಡಸು ನೋಡಲು ಮುದ್ದಾಗಿ ಬೆಳೆದು, ಈದಾಗ ಹಾಲೇ ಇರುವುದಿಲ್ಲ. ಅತಿ ಹಾಲಿನ ತಾಯಿಯ ಮಗಳು ಕೆಲವೊಮ್ಮೆ ಕಡಿಮೆ ಹಾಲಿನವಳಾಗುವ ಒಗಟಿಗೂ ಇದೇ ಒಂದು ಉತ್ತರ.

ಕೆಂಟಕಿ, ಟೆನೆಸಿ, ಮಿಸೌರಿಗಳಲ್ಲಿ ಶತ್ರು ಹುಲ್ಲಿನೊಳಗೇ ಇದೆ. 1943ರಲ್ಲಿ ಬಿಡುಗಡೆಯಾದ 'ಕೆಂಟಕಿ 31' ಎಂಬ ಟಾಲ್ ಫೆಸ್ಕ್ಯೂ ಹುಲ್ಲು ಗಟ್ಟಿಮುಟ್ಟಾದದ್ದು, ಬರಗಾಲಕ್ಕೆ ಜಗ್ಗದ್ದು. ಅದರ ಗಟ್ಟಿತನಕ್ಕೆ ಕಾರಣವಾದ ಒಳಗಿನ ಶಿಲೀಂಧ್ರವೇ ಉಂಟುಮಾಡುವ ವಿಷ, ಹಾಲು ಊರಲು ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹಸುವಿನಲ್ಲಿ ತಗ್ಗಿಸುತ್ತದೆ, ರಕ್ತನಾಳ ಬಿಗಿಸಿ ಮೈ ಬಿಸಿಯೇರಿಸುತ್ತದೆ. ಹಸು ನೆರಳು ಬಿಟ್ಟು ಮೇಯಲು ಹೋಗುವುದಿಲ್ಲ, ಹಾಲು ಇಳಿಯುತ್ತದೆ, ಕರುವೂ ಅದೇ ಹುಲ್ಲು ತಿಂದು ಸೊರಗುತ್ತದೆ. ಅಲ್ಲಿ ಹಾಲಿನ ಅಂಕ ಹೆಚ್ಚಿರುವ ಹೋರಿ ತಂದು ಪ್ರಯೋಜನವಿಲ್ಲ; ಗಾವಲಿಗೆ ಕ್ಲೋವರ್ ಎಂಬ ದ್ವಿದಳ ಮೇವು ಬಿತ್ತಿ ವಿಷವನ್ನು ತಿಳಿಗೊಳಿಸುವುದು, ಇಲ್ಲವೇ ವಿಷವಿಲ್ಲದ ಶಿಲೀಂಧ್ರದ ಹೊಸ ತಳಿ ಹಾಕುವುದು ಮದ್ದು.

ನೆಬ್ರಾಸ್ಕದ ಮರಳುದಿಬ್ಬಗಳ ಸೀಮೆಯಲ್ಲಿ ಪಂಚಾಂಗವೇ ತೊಡಕು. ಮಾರ್ಚಿನಲ್ಲಿ ಈದರೆ ಹಿಮ ಕರಗಿ ಹುಲ್ಲು ಚಿಗುರುವ ಮೊದಲೇ ಹಾಲಿನ ಬೇಡಿಕೆ ಏರುತ್ತದೆ, ಕೊಂಡ ಒಣಹುಲ್ಲು ಹಾಕಿ ಹಾಲು ಮಾಡಬೇಕು. ಅಲ್ಲಿನ ವಿಶ್ವವಿದ್ಯಾಲಯದ ಗುಡ್‌ಮಂಡ್‌ಸನ್ ಪ್ರಯೋಗ ಕ್ಷೇತ್ರದಲ್ಲಿ ಜೂನಿಗೆ ಈಯಿಸಿ ನೋಡಿದರು. ಒಣಹುಲ್ಲಿನ ಖರ್ಚು ಇಳಿಯಿತು, ಆದರೆ ಕರುಗಳು ಹಗುರವಾದವು. ತಕ್ಕಡಿಯ ಅಂಕಿ ಮಾತ್ರ ನೋಡುವವನಿಗೆ ಇದು ಸೋಲು.

ಕೃಷ್ಣೆಯ ದಂಡೆಯಿಂದ

ಈ ಕಥೆಯಲ್ಲಿ ನಮ್ಮ ನೆಲದ ಪಾಲೂ ಇದೆ. ಅಮೆರಿಕದ ದಕ್ಷಿಣದ ಸೆಖೆಗೆ ಒಗ್ಗಿದ ಬ್ರಾಹ್ಮನ್ ತಳಿಯನ್ನು ಕಟ್ಟಿದ್ದು ಭಾರತದ ಕಾಂಕ್ರೇಜ್, ಗಿರ್, ಓಂಗೋಲ್ ಮತ್ತು ಕೃಷ್ಣಾ ಕಣಿವೆ ದನಗಳಿಂದ. ಕೊನೆಯದು ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಎರೆ ಹೊಲಗಳ ದನ. ಬ್ರಾಹ್ಮನ್ ಮತ್ತು ಹೆರೆಫರ್ಡ್ ಕೂಡಿಸಿ ಬಂದ ಪಟ್ಟೆ ಮೈಯ ಹಸುವನ್ನು ಅಲ್ಲಿ 'ಟೈಗರ್ ಸ್ಟ್ರೈಪ್' ಎನ್ನುತ್ತಾರೆ. ಸೆಖೆ, ಉಣ್ಣಿ, ಒರಟು ಹುಲ್ಲಿನ ನಡುವೆಯೂ ಹಾಲು ಉಳಿಸಿಕೊಂಡು ಭಾರದ ಕರು ಬೆಳೆಸುವ ಹಸು ಎಂದು ಅದಕ್ಕೆ ಹೆಸರು.

ಕರುವಿಗೇ ಹಾಲು ಬಿಡುವ ಪದ್ಧತಿ ನಮಗೂ ಹೊಸದಲ್ಲ. ಮೈಸೂರಿನ ಅರಸರ ದನಗಳ ಇಲಾಖೆಯಾದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಹೆಸರು ಹಾಲಿನದ್ದಾದರೂ ದನ ಪ್ರಸಿದ್ಧವಾದದ್ದು ಫಿರಂಗಿ ಎಳೆಯುವ ಎತ್ತುಗಳಿಗೆ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಹಿಂಡನ್ನು ಹುಲ್ಲು ನೋಡಿ ಸಾಗಿಸುತ್ತಿದ್ದ ವ್ಯವಸ್ಥೆ ಹಾಲಿನ ತುದಿಯನ್ನು ಹುಲ್ಲಿನ ತುದಿಗೆ ಹೊಂದಿಸುವ ಲೆಕ್ಕವೇ. ಅಮೃತಮಹಲ್ ಒಂದು ಸೂಲಿಗೆ 570 ಕೆಜಿ, ಹಳ್ಳಿಕಾರ್ 540 ಕೆಜಿ ಹಾಲು ಎಂದು ಪುಸ್ತಕಗಳಲ್ಲಿ ಇದೆ. ಇಂಥ ಅಂಕಿ ಕಂಡಾಗ ಕರು ಕುಡಿದ ಪಾಲು ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಬೇಕು.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವು

*ಹಳ್ಳಿಕಾರ್ ಹಸುವಿನ ಒಂದು ಮೊಲೆ ಕರುವಿಗೆ ಬಿಡುತ್ತೇವೆ. ಸಾಕೇ?*

ಮೊದಲ ಎರಡು ತಿಂಗಳು ಸಾಲದು. ಇಪ್ಪತ್ತು ಕೆಜಿ ಕರುವಿಗೆ ತೂಕದ ಹತ್ತನೇ ಒಂದು ಪಾಲು, ಅಂದರೆ ದಿನಕ್ಕೆ ಎರಡು ಕೆಜಿ ಹಾಲು ಕನಿಷ್ಠ. ತಾಯಿ ಕೊಡುವುದೇ ಎರಡು ಮೂರು ಕೆಜಿಯಾದರೆ ಒಂದು ಮೊಲೆಯಲ್ಲಿ ಕರುವಿಗೆ ಸಿಗುವುದು ಅರ್ಧ, ಮುಕ್ಕಾಲು ಕೆಜಿ. ಮೂರನೇ ತಿಂಗಳಿಂದ ಎಳೆ ಹುಲ್ಲು, ಸ್ವಲ್ಪ ಹಿಂಡಿ ಇದ್ದರೆ ಒಂದು ಮೊಲೆ ನಡೆಯುತ್ತದೆ. ಬಿಡುವ ಮೊಲೆಯನ್ನು ದಿನ ದಿನ ಬದಲಿಸಿ, ಇಲ್ಲದಿದ್ದರೆ ಒಂದೇ ಭಾಗ ಬೆಳೆದು ಉಳಿದವು ಕುಗ್ಗುತ್ತವೆ.

*ತಕ್ಕಡಿ ಇಲ್ಲ. ಟೇಪಿನಿಂದ ಕರುವಿನ ತೂಕ ತಿಳಿಯಬಹುದೇ?*

ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ವರ್ಗ ಮಾಡಿ, ಭುಜದ ಮೂಳೆಯಿಂದ ಬಾಲದ ಬುಡದ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಸುತ್ತಳತೆ 100, ಉದ್ದ 90 ಆದರೆ 83 ಕೆಜಿ. ತಿಂಗಳಿಗೊಮ್ಮೆ ಏರಿಕೆ ನೋಡಲು, ಜಂತಿನ ಔಷಧಿಯ ಪ್ರಮಾಣ ಗೊತ್ತುಮಾಡಲು ಸಾಕು. ಕುಡಿದ ಹಾಲು ಅಳೆಯಲು ಸಾಲದು. ಸುತ್ತಳತೆಯಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಒಂದೂವರೆ ಕೆಜಿಗೂ ಹೆಚ್ಚು ತಪ್ಪುತ್ತದೆ.

*ಕರುವನ್ನು ಎರಡು ದಿನ ದೂರ ಇಟ್ಟರೆ ಹಸು ಬೇಗ ಬೆದೆಗೆ ಬರುತ್ತದೆ ಎನ್ನುತ್ತಾರೆ, ನಿಜವೇ?*

48 ಗಂಟೆ ಬೇರೆ ಇಡುವ ಉಪಾಯ ಗಾವಲಿನ ಹಿಂಡುಗಳಲ್ಲಿ ಬಳಕೆಯಲ್ಲಿದೆ. ಮೊಲೆ ಚೀಪುವುದು ನಿಂತಾಗ ಬೆದೆಯ ಹಾರ್ಮೋನುಗಳ ಮೇಲಿನ ತಡೆ ಸಡಿಲವಾಗುತ್ತದೆ. ಮೈಕಟ್ಟು ಚೆನ್ನಾಗಿರುವ ಹಸುವಿನಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ. ಪಕ್ಕೆಲುಬು ಕಾಣುವ ಹಸುವಿನಿಂದ ಕರು ಬೇರೆ ಮಾಡಿದರೆ ಬೆದೆಯೂ ಬರುವುದಿಲ್ಲ, ಕರುವೂ ಎರಡು ದಿನ ಸೊರಗುತ್ತದೆ. ಆ ಎರಡು ದಿನ ಕರುವಿಗೆ ನೀರು, ಒಳ್ಳೆಯ ಮೇವು ಇರಬೇಕು. ಮರಳಿ ಬಿಟ್ಟಾಗ ಪ್ರತಿ ಕರುವೂ ತನ್ನ ತಾಯಿಯನ್ನೇ ಸೇರಿತೇ ಎಂದು ನಿಂತು ನೋಡಿ. ಕದ್ದು ಕುಡಿಯಲು ಕಲಿತ ಕರು ಮತ್ತೊಂದರ ಪಾಲನ್ನೂ ಕಸಿಯುತ್ತದೆ.